ಸ್ಕೈರಿಮ್‌ನಲ್ಲಿ ಒಟ್ಟು ಎಷ್ಟು ಲೆವೆಲ್ ಇದೆ?

ರಜೆಗೆ ಅಕ್ಕನ ಮನೆಗೆ ಹೋಗಿದ್ದೆ. ಎಂಜಿನಿಯರಿಂಗ್ ಓದುತ್ತಿರುವ ಅವಳ ಮಗ ಊಟ ಮುಗಿಸಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದ. ಪರದೆ ತುಂಬ ಹಿಮ. ದೂರದಲ್ಲೊಂದು ಬೆಟ್ಟ. ಗಡ್ಡದ ಮನುಷ್ಯನೊಬ್ಬ ಬೆನ್ನಿಗೆ ಬಿಲ್ಲು ಕಟ್ಟಿಕೊಂಡು ಸುಮ್ನೆ ನಡೆಯುತ್ತಿದ್ದಾನೆ. ಅಕ್ಕ ಒಗೆದ ಬಟ್ಟೆ ಮಡಚುತ್ತಾ ಕೇಳಿದಳು.

"ಈಗ ಎಷ್ಟನೇ ಲೆವೆಲ್ ಕಣೋ?"

"ಮೂವತ್ನಾಲ್ಕು."

"ಒಟ್ಟು ಎಷ್ಟಿದೆ?"

ಅವನು ನನ್ನ ಮುಖ ನೋಡಿದ. "ಮಾಮ, ನೀನೇ ಹೇಳು."

ನಾನೂ ಆ ಆಟವನ್ನು ವರ್ಷಗಳಿಂದ ಬಿಟ್ಟು ಬಿಟ್ಟು ಆಡುತ್ತಿರುವವನೇ. ಆದರೂ ತಕ್ಷಣ ಹೇಳಲು ಆಗಲಿಲ್ಲ. ಅಕ್ಕನ ತಲೆಯಲ್ಲಿ ಇದ್ದದ್ದು ನಾವು ಚಿಕ್ಕವರಿದ್ದಾಗ ಟಿವಿಗೆ ಸಿಕ್ಕಿಸಿ ಆಡುತ್ತಿದ್ದ ಮಾರಿಯೋ. ಒಂದು ಹಂತ ದಾಟಿದರೆ ಇನ್ನೊಂದು, ಕೊನೆಯಲ್ಲಿ ರಾಜಕುಮಾರಿ ಸಿಕ್ಕರೆ ಆಟ ಮುಗೀತು. ಸ್ಕೈರಿಮ್‌ನಲ್ಲಿ ಲೆವೆಲ್ ಅನ್ನುವುದು ಆಡುವವನ ಪಾತ್ರ ಎಷ್ಟು ಪಳಗಿದೆ ಅನ್ನುವ ಅಳತೆ. ಮೂವತ್ನಾಲ್ಕು ಅಂದರೆ ಮೂವತ್ನಾಲ್ಕು ಜಾಗ ದಾಟಿದ ಅಂತ ಅರ್ಥವಲ್ಲ. ಅಕ್ಕನಿಗೆ ಇದನ್ನು ಬಿಡಿಸಿ ಹೇಳುವಷ್ಟರಲ್ಲಿ ಬಟ್ಟೆಯೆಲ್ಲ ಮಡಚಿ ಆಗಿತ್ತು. ಅದನ್ನೇ ಇಲ್ಲಿ ಸ್ವಲ್ಪ ಸಾವಕಾಶವಾಗಿ ಬರೆಯುತ್ತಿದ್ದೇನೆ. ಮನೆಯಲ್ಲಿ ಯಾರಾದರೂ ಇಂಥ ಆಟಕ್ಕೆ ಬಿದ್ದಿದ್ದರೆ, ಅವರು ನಗುವುದು ಯಾಕೆ, ಹಲ್ಲು ಕಡಿಯುವುದು ಯಾಕೆ ಅಂತ ತಿಳಿಯುತ್ತದೆ.

ಮೊದಲು ಹೆಸರು, ಊರು

ಆಟದ ಪೂರ್ತಿ ಹೆಸರು 'ದಿ ಎಲ್ಡರ್ ಸ್ಕ್ರೋಲ್ಸ್ 5: ಸ್ಕೈರಿಮ್'. ಮಾಡಿದವರು ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಬೆಥೆಸ್ಡಾ ಗೇಮ್ ಸ್ಟುಡಿಯೋಸ್. ಬಂದದ್ದು 2011ರ ನವೆಂಬರ್ 11ರಂದು. 6 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಗಿದೆ ಎಂದು ನಿರ್ದೇಶಕ ಟಾಡ್ ಹೊವಾರ್ಡ್ 2023ರಲ್ಲಿ ಹೇಳಿದ್ದರು. ಇದರ ಹಿಂದಿನ ಆಟ 'ಆಬ್ಲಿವಿಯನ್' 2006ರದ್ದು. ಅದು 2025ರ ಏಪ್ರಿಲ್‌ನಲ್ಲಿ ಹೊಸ ಬಣ್ಣ ಬಳಿದುಕೊಂಡು ಮತ್ತೆ ಬಂತು. ಮುಂದಿನದು ಬರುತ್ತದೆ ಎಂದು 2018ರಲ್ಲೇ ಘೋಷಣೆಯಾಗಿದೆ. ಅದರ ದಾರಿ ಕಾಯುತ್ತಾ ಜನ ಹಳೆಯದನ್ನೇ ಆಡುತ್ತಿದ್ದಾರೆ.

ಇದನ್ನು 'ಓಪನ್ ವರ್ಲ್ಡ್ ಫ್ಯಾಂಟಸಿ ರೋಲ್ ಪ್ಲೇಯಿಂಗ್ ಗೇಮ್' ಎನ್ನುತ್ತಾರೆ. ಫ್ಯಾಂಟಸಿ ಅನ್ನುವುದು ಸುಲಭ. ಅಜ್ಜಿ ಕಥೆಯ ಏಳು ಸಮುದ್ರದಾಚೆಯ ಲೋಕಕ್ಕೆ ಉತ್ತರ ಯುರೋಪಿನ ಚಳಿ, ತುಪ್ಪಳದ ಅಂಗಿ, ಕೊಡಲಿ, ಡ್ರ್ಯಾಗನ್ ಸೇರಿಸಿದರೆ ಆಯಿತು.

ಓಪನ್ ವರ್ಲ್ಡ್ ಅಂದರೆ ತೆರೆದ ಲೋಕ. ಮಾರಿಯೋ ಥರದ ಆಟಗಳು ಬಸ್ಸಿನ ಹಾಗೆ. ರೂಟ್ ಅವರದು, ಸ್ಟಾಪ್ ಅವರದು. ತೆರೆದ ಲೋಕದ ಆಟ ಕೈಗೆ ಬೈಕಿನ ಕೀ ಕೊಟ್ಟು ಸುಮ್ಮನಾಗುತ್ತದೆ. ಸ್ಕೈರಿಮ್ ಶುರುವಾಗುವುದು ಎತ್ತಿನ ಗಾಡಿಯಂಥ ಒಂದು ಕುದುರೆ ಗಾಡಿಯಲ್ಲಿ. ನಿಮ್ಮ ಕೈ ಕಟ್ಟಿದ್ದಾರೆ. ಹೆಲ್ಗೆನ್ ಎಂಬ ಊರಿಗೆ ತಲೆ ಕಡಿಯಲು ಕರೆದೊಯ್ಯುತ್ತಿದ್ದಾರೆ. ಕೊಡಲಿ ಎತ್ತುವ ಹೊತ್ತಿಗೆ ಡ್ರ್ಯಾಗನ್ ಬಂದು ಊರಿಗೆ ಬೆಂಕಿ ಇಡುತ್ತದೆ. ಗಲಾಟೆಯಲ್ಲಿ ತಪ್ಪಿಸಿಕೊಂಡು ಒಂದು ಗುಹೆಯಿಂದ ಹೊರಗೆ ಬರುತ್ತೀರಿ. ಮುಂದೆ ಕಾಡು, ಬೆಟ್ಟ, ಆಕಾಶ. ಹತ್ತಿರದ ಹಳ್ಳಿಗೆ ಹೋಗು ಅಂತ ಸೂಚನೆಯೇನೋ ಇರುತ್ತದೆ. ಹೋಗದೆ ಎಡಕ್ಕೆ ತಿರುಗಿದರೆ ತಡೆಯುವವರು ಯಾರೂ ಇಲ್ಲ.

ರೋಲ್ ಪ್ಲೇಯಿಂಗ್ ಅಂದರೆ ವೇಷ ಕಟ್ಟುವುದು. ಇದರ ಬೇರು 1974ರ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟದಲ್ಲಿದೆ. ಅಮೆರಿಕದಲ್ಲಿ ಗೆಳೆಯರು ಮೇಜಿನ ಸುತ್ತ ಕೂತು, ಒಬ್ಬ ಯೋಧ, ಒಬ್ಬ ಕಳ್ಳ, ಒಬ್ಬ ಮಂತ್ರವಾದಿ ಅಂತ ಪಾತ್ರ ಹಂಚಿಕೊಂಡು, ದಾಳ ಉರುಳಿಸುತ್ತಾ ಬಾಯಲ್ಲೇ ಕಥೆ ಕಟ್ಟುತ್ತಿದ್ದರು. ತಾಳಮದ್ದಳೆ ನೋಡಿದವರಿಗೆ ಇದು ಹೊಸದೇನಲ್ಲ. ಪದ್ಯ ಮೊದಲೇ ಬರೆದಿದೆ, ಆದರೆ ಅರ್ಥ ಹೇಳುವವನು ಕರ್ಣನಾಗಿ ಆ ರಾತ್ರಿ ಏನು ಮಾತಾಡುತ್ತಾನೆ ಅನ್ನುವುದು ಅವನಿಗೆ ಬಿಟ್ಟದ್ದು. ಕಂಪ್ಯೂಟರ್ ಆಟದಲ್ಲಿ ಅಷ್ಟು ಸಲಿಗೆ ಇಲ್ಲ. ಬರೆದಿಟ್ಟ ಮಾತುಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಮಾತಿನಲ್ಲಿ ಕಳೆದುಕೊಂಡ ಸಲಿಗೆಯನ್ನು ಸ್ಕೈರಿಮ್ ನಡಿಗೆಯಲ್ಲಿ ತುಂಬಿಕೊಡುತ್ತದೆ.

ಮಾಡಿದ್ದೇ ಬರುತ್ತದೆ

ಹಾಗಾದರೆ ಲೆವೆಲ್ ಏರುವುದು ಹೇಗೆ? ಆಟದಲ್ಲಿ 18 ಕೌಶಲಗಳಿವೆ. ಬಿಲ್ಲು, ಒಂಟಿ ಕೈ ಕತ್ತಿ, ಗುರಾಣಿ, ಕಮ್ಮಾರಿಕೆ, ಬೀಗ ಒಡೆಯುವುದು, ಮದ್ದು ಅರೆಯುವುದು, ಚೌಕಾಸಿ, ಹೀಗೆ. ಯಾವುದನ್ನು ಮಾಡುತ್ತೀರೋ ಅದು ಬೆಳೆಯುತ್ತದೆ. ಸೈಕಲ್ ತುಳಿದರೆ ಸೈಕಲ್ ಬರುತ್ತದೆ, ಈಜಿದರೆ ಈಜು ಬರುತ್ತದೆ, ಅಷ್ಟೇ ಲೆಕ್ಕ. ಕೌಶಲಗಳು ಏರಿದಂತೆ ಒಟ್ಟು ಲೆವೆಲ್ ಏರುತ್ತದೆ. ಪ್ರತಿ ಸಲ ಏರಿದಾಗ ಆರೋಗ್ಯ, ಮಂತ್ರಶಕ್ತಿ, ದಮ್ಮು ಈ ಮೂರರಲ್ಲಿ ಒಂದನ್ನು ಹೆಚ್ಚಿಸಿಕೊಳ್ಳಬಹುದು. ಜೊತೆಗೆ ಒಂದು ಹೊಸ ವಿದ್ಯೆ.

ಈಗ ಅಕ್ಕನ ಪ್ರಶ್ನೆಗೆ ಉತ್ತರ. ಹದಿನೆಂಟೂ ಕೌಶಲ ನೂರಕ್ಕೆ ಮುಟ್ಟಿದರೆ ಲೆವೆಲ್ 81. ಮೊದಲಿಗೆ ಅದೇ ತುತ್ತತುದಿ. 2013ರಲ್ಲಿ ಒಂದು ತಿದ್ದುಪಡಿ ಬಂತು. ನೂರಾದ ಕೌಶಲವನ್ನು ಮತ್ತೆ ಕೆಳಕ್ಕಿಳಿಸಿ ಹೊಸದಾಗಿ ಬೆಳೆಸಬಹುದು ಎಂದಾಯಿತು. ಅಲ್ಲಿಗೆ ತುದಿಯೂ ಹೋಯಿತು. ಒಟ್ಟು ಎಷ್ಟು ಅಂದರೆ, ನಿಮಗೆ ಬೇಜಾರಾಗುವಷ್ಟು.

ಇದರಲ್ಲೊಂದು ತಮಾಷೆ ಇದೆ. ಈ ಸಲ ಮಂತ್ರವಾದಿ ಆಗುತ್ತೇನೆ, ಈ ಸಲ ದೊಡ್ಡ ಕೊಡಲಿ ಹಿಡಿಯುತ್ತೇನೆ ಅಂತ ಶುರುಮಾಡಿದವರು ಕೊನೆಗೆ ಕತ್ತಲಲ್ಲಿ ಕುಕ್ಕರುಗಾಲಲ್ಲಿ ಕೂತು ಬಾಣ ಬಿಡುತ್ತಿರುತ್ತಾರೆ. ಕದ್ದು ಹೊಡೆದರೆ ಪೆಟ್ಟು ಜಾಸ್ತಿ, ಅಪಾಯ ಕಡಿಮೆ. ಕೆಲಸ ಆಗುವುದನ್ನೇ ಕೈ ಮಾಡುತ್ತದೆ, ಮಾಡಿದ್ದೇ ಬೆಳೆಯುತ್ತದೆ, ಬೆಳೆದದ್ದನ್ನು ಬಿಡಲು ಮನಸ್ಸಾಗುವುದಿಲ್ಲ. ನಾನು ಮೂರು ಸಲ ಹೊಸದಾಗಿ ಶುರುಮಾಡಿದ್ದೇನೆ. ಮೂರು ಸಲವೂ ಬಿಲ್ಲುಗಾರನೇ.

ಬಾಗಿಲು, ಪಂಜ, ಮೂರು ಪ್ರಾಣಿ

ಖುಷಿ ಏನು ಅಂತ ಕೇಳಿದರೆ ನಾನು ಡ್ರ್ಯಾಗನ್ ಕಾಳಗದ ಮಾತು ಎತ್ತುವುದಿಲ್ಲ. ಒಂದು ಬಾಗಿಲಿನ ಕಥೆ ಹೇಳುತ್ತೇನೆ.

ಮೊದಲು ಸಿಗುವ ಹಳ್ಳಿ ರಿವರ್‌ವುಡ್. ಅಲ್ಲಿಯ ಅಂಗಡಿಯಿಂದ ಒಂದು ಚಿನ್ನದ ಪಂಜ ಕಳುವಾಗಿದೆ. ಅಂಗಡಿಯವನ ಹೆಸರು ಲೂಕನ್. ತಂದುಕೊಟ್ಟರೆ ಹಣ ಕೊಡುತ್ತೇನೆ ಅನ್ನುತ್ತಾನೆ. ಹೀಗೆ ಒಪ್ಪಿಕೊಳ್ಳುವ ಕೆಲಸಕ್ಕೆ ಕ್ವೆಸ್ಟ್ ಎನ್ನುತ್ತಾರೆ. ಹಳ್ಳಿಯ ಮೇಲಿನ ಬೆಟ್ಟದಲ್ಲಿ ಹಳೆಯ ಸಮಾಧಿ ಗುಹೆ. ಒಳಗೆ ಹೋಗಿ, ಜೇಡರ ಬಲೆ ಹರಿದು, ಕಳ್ಳನಿಂದ ಪಂಜ ಕಿತ್ತುಕೊಂಡು ಮುಂದೆ ನಡೆದರೆ ದಾರಿ ಒಂದು ಕಲ್ಲಿನ ಬಾಗಿಲಿಗೆ ಮುಟ್ಟುತ್ತದೆ. ಅದರ ಮೇಲೆ ತಿರುಗುವ ಮೂರು ಬಳೆಗಳು. ಒಂದೊಂದು ಬಳೆಯಲ್ಲೂ ಪ್ರಾಣಿಗಳ ಚಿತ್ರ. ನಡುವೆ ಪಂಜ ಇಡುವ ತೂತು. ಸರಿಯಾಗಿ ಜೋಡಿಸಬೇಕು, ಆದರೆ ಯಾವುದು ಸರಿ?

ಕಳ್ಳನ ದಿನಚರಿ ಪುಸ್ತಕ ಓದಿದರೆ ಒಂದು ಸಾಲು ಸಿಗುತ್ತದೆ. ಪಂಜ ಕೈಯಲ್ಲಿದ್ದರೆ ಉತ್ತರ ಅಂಗೈಯಲ್ಲೇ ಇದ್ದ ಹಾಗೆ ಎಂಬರ್ಥದ ಮಾತು. ಅದನ್ನು ಗಾದೆ ಮಾತು ಅಂದುಕೊಂಡು ಬಿಟ್ಟವರು ಬೇಕಾದಷ್ಟು ಜನ. ನಾನೂ ಅರ್ಧ ಗಂಟೆ ಬಳೆ ತಿರುಗಿಸಿದೆ. ಆಮೇಲೆ ಚೀಲ ತೆರೆದು, ಪಂಜವನ್ನು ಆರಿಸಿ, ಮೌಸ್ ಹಿಡಿದು ಸುಮ್ನೆ ಹೊರಳಿಸಿದೆ. ಅದರ ಅಂಗೈಯಲ್ಲಿ ಮೂರು ಗುರುತು ಕೆತ್ತಿತ್ತು. ಕರಡಿ, ಪತಂಗ, ಗೂಬೆ. ನಿಜವಾಗಿಯೂ ಅಂಗೈಯಲ್ಲೇ!

ಯಾರೂ ಬೆರಳು ತೋರಿಸಿರಲಿಲ್ಲ. ನಾನೇ ಕಂಡುಹಿಡಿದೆ ಅನ್ನಿಸಿತು. ಮಾಡಿದವರು ಅದನ್ನು ಹಾಗೆ ಅನ್ನಿಸಲೆಂದೇ ಇಟ್ಟಿದ್ದರು ಅನ್ನುವುದು ಬೇರೆ ಮಾತು. ಇಂಥವು ದಾರಿಯುದ್ದಕ್ಕೂ ಇವೆ. ಹೊಳೆ ದಡದಲ್ಲಿ ಒಂದು ಅಸ್ಥಿಪಂಜರ, ಪಕ್ಕದಲ್ಲಿ ಒಂದು ಚೀಟಿ. ಕಾಡಿನ ಗುಡಿಸಲಲ್ಲಿ ಇನ್ನೂ ಕುದಿಯುತ್ತಿರುವ ಪಾತ್ರೆ. ರಾತ್ರಿ ತಲೆ ಎತ್ತಿದರೆ ಆಕಾಶದಲ್ಲಿ ಹಸಿರು ಬೆಳಕಿನ ಪರದೆ.

ಇಷ್ಟಕ್ಕೂ ಎಷ್ಟು ದೊಡ್ಡದು?

ಅಂಕಿ ಕೇಳಿದರೆ ನಗು ಬರಬಹುದು. ಸ್ಕೈರಿಮ್ ನಕ್ಷೆ ಸುಮಾರು 37 ಚದರ ಕಿಲೋಮೀಟರ್ ಎಂದು ಲೆಕ್ಕ ಹಾಕುತ್ತಾರೆ. ಬೆಂಗಳೂರಿನ ಒಂದು ಮೂಲೆ. ಆದರೂ ಅದು ದೊಡ್ಡ ದೇಶದ ಹಾಗೆ ಕಾಣುತ್ತದೆ, ಯಾಕೆ? ನಡುವೆ ಬೆಟ್ಟ ಇಟ್ಟಿದ್ದಾರೆ. ನೇರ ಹೋಗಲು ಬಿಡುವುದಿಲ್ಲ, ಸುತ್ತಿಸುತ್ತಾರೆ. ಕಾಲವನ್ನೂ ಓಡಿಸುತ್ತಾರೆ. ನಮ್ಮ ಒಂದು ನಿಮಿಷಕ್ಕೆ ಅಲ್ಲಿ 20 ನಿಮಿಷ. ಹೀಗಾಗಿ ಅಲ್ಲಿಯ ಒಂದು ದಿನ ನಮ್ಮ 72 ನಿಮಿಷ. ಒಂದೂರಿಂದ ಇನ್ನೊಂದೂರಿಗೆ ಹತ್ತು ನಿಮಿಷ ನಡೆದರೆ ಮೂರು ತಾಸು ದಾಟಿ, ಹೊರಟಾಗಿನ ಬಿಸಿಲು ಮುಟ್ಟುವ ಹೊತ್ತಿಗೆ ಸಂಜೆಯಾಗಿರುತ್ತದೆ. ದೂರ ಬಂದೆ ಅಂತ ಮನಸ್ಸು ನಂಬುತ್ತದೆ.

ಕಂಪ್ಯೂಟರ್ ಇಡೀ ಲೋಕವನ್ನು ಒಟ್ಟಿಗೆ ಹೊತ್ತುಕೊಂಡಿರುವುದಿಲ್ಲ. ಬಯಲನ್ನು ಚೌಕ ಚೌಕವಾಗಿ ಕತ್ತರಿಸಿದ್ದಾರೆ. ನೀವು ನಿಂತ ಚೌಕ ಮತ್ತು ಅದರ ಸುತ್ತಲಿನವು, ಒಟ್ಟು ಐದು ಸಾಲು, ಸಾಲಿಗೆ ಐದು, ಅಷ್ಟಕ್ಕೆ ಮಾತ್ರ ಪೂರ್ತಿ ಜೀವ. ಆಚೆಗಿನ ಬೆಟ್ಟ ನಾಟಕದ ಹಿಂಪರದೆ ಇದ್ದ ಹಾಗೆ, ಬರೀ ಆಕಾರ. ನೀವು ನಡೆದಂತೆ ಮುಂದಿನ ಚೌಕ ಎದ್ದು ನಿಲ್ಲುತ್ತದೆ, ಹಿಂದಿನದು ಮಲಗುತ್ತದೆ.

ಬರೀ ದೊಡ್ಡದಾದರೆ ಸಾಲದು ಅನ್ನುವುದಕ್ಕೆ ಇದೇ ಸರಣಿಯ 1996ರ 'ಡ್ಯಾಗರ್‌ಫಾಲ್' ಸಾಕ್ಷಿ. ಅದರ ಲೋಕ ಸ್ಕೈರಿಮ್‌ಗಿಂತ ಎಷ್ಟೋ ಪಟ್ಟು ದೊಡ್ಡದು. ಆದರೆ ಬಹುಪಾಲು ಕಂಪ್ಯೂಟರೇ ಲೆಕ್ಕ ಹಾಕಿ ಹರಡಿದ್ದು. ಒಂದೂರು ನೋಡಿದರೆ ಇನ್ನೊಂದೂರು ನೋಡಿದ ಹಾಗೇ. ಆಮೇಲಿನ ಆಟಗಳಲ್ಲಿ ಜಾಗ ಕಿರಿದು ಮಾಡಿ, ಕೈಯಿಂದ ಜೋಡಿಸಲು ಶುರುಮಾಡಿದರು.

300ರ ತಕ್ಕಡಿ

ಇನ್ನು ಹಲ್ಲು ಕಡಿಯುವ ಭಾಗ.

ಆಟದಲ್ಲಿ ಕಂಡದ್ದನ್ನೆಲ್ಲ ಎತ್ತಿಕೊಳ್ಳಬಹುದು. ಕತ್ತಿ, ತಟ್ಟೆ, ಎಲೆಕೋಸು, ಚಿಟ್ಟೆಯ ರೆಕ್ಕೆ, ಗುಂಡನೆಯ ಚೀಸ್. ಆದರೆ ಪ್ರತಿಯೊಂದಕ್ಕೂ ತೂಕ ಇದೆ. ಶುರುವಿನಲ್ಲಿ ಹೊರುವ ಮಿತಿ 300. 301 ಆಯಿತೋ, ಓಡಲು ಆಗುವುದಿಲ್ಲ. ಮೆಲ್ಲಗೆ ಕಾಲೆಳೆಯಬೇಕು. ಫಾಸ್ಟ್ ಟ್ರಾವೆಲ್ ಅಂತ ಒಂದಿದೆ, ಮೊದಲು ನೋಡಿದ ಜಾಗಕ್ಕೆ ನಕ್ಷೆಯಲ್ಲಿ ಒತ್ತಿ ನೇರ ಹಾರುವುದು. ಭಾರ ಹೆಚ್ಚಾದರೆ ಅದೂ ಬಂದ್.

ಒಂದು ಸಂಜೆಯ ಪಾಡು ಕೇಳಿ. ಗುಹೆಯಿಂದ ಹೊರಬಂದಿದ್ದೆ, ಚೀಲ ಆಗಲೇ 290. ಎದುರಿಗೆ ಡ್ರ್ಯಾಗನ್ ಇಳಿಯಿತು. ಹೇಗೋ ಕೊಂದೆ. ಒಳಗೆ ಮೂಳೆ, ಚಿಪ್ಪು. ಮೂಳೆ ಒಂದಕ್ಕೆ 15 ತೂಕ, ಚಿಪ್ಪಿಗೆ 10. ಆಟದ ಅತಿ ಒಳ್ಳೆಯ ಕವಚಗಳಲ್ಲಿ ಕೆಲವನ್ನು ಮಾಡುವ ಸಾಮಾನು ಅದು. ಬಿಟ್ಟು ಹೋಗಲು ಆಗುತ್ತದಾ? ಹಿಮದ ಮೇಲೆ ನಿಂತು ಒಂದೊಂದೇ ಕೆಳಗೆ ಹಾಕುತ್ತಾ ಬಂದೆ. ಕಬ್ಬಿಣದ ಕವಚ ಹೋಯಿತು. ಎರಡು ಕೊಡಲಿ ಹೋಯಿತು. ಚೀಸ್ ಹಾಕುವ ಬದಲು ತಿಂದೆ, ಏಳು ಚೀಸ್, ನಿಂತಲ್ಲೇ. ಚೀಲ ತೆರೆದಾಗ ಆಟ ನಿಂತಿರುತ್ತದೆ, ಹಾಗಾಗಿ ಕಾಳಗದ ನಡುವೆಯೂ ಹೀಗೆ ಔತಣ ಮುಗಿಸಬಹುದು.

ಊರಿಗೆ ಬಂದು ಮಾರಲು ಹೋದರೆ ಇನ್ನೊಂದು ರಗಳೆ. ಕಿರಾಣಿಯವನ ಬಳಿ ಇರುವುದೇ 750 ನಾಣ್ಯ. ನಿಮ್ಮ ಬಳಿ ಅದಕ್ಕಿಂತ ಬೆಲೆಬಾಳುವ ಒಂದು ಕತ್ತಿಯೇ ಇರಬಹುದು. ಅವನ ಗಲ್ಲಾ ಮತ್ತೆ ತುಂಬಲು ಅಲ್ಲಿಯ ಲೆಕ್ಕದಲ್ಲಿ 48 ಗಂಟೆ. ಸಂತೆಯಲ್ಲಿ "ಚಿಲ್ಲರೆ ಇಲ್ಲ ಸಾರ್, ಆಮೇಲೆ ಬನ್ನಿ" ಅಂದ ಹಾಗೆ.

ಯಾಕೆ ಹೀಗೆ ಮಾಡಿದರು? ತೂಕ ಇಲ್ಲದಿದ್ದರೆ ಯಾವುದನ್ನೂ ಆರಿಸಬೇಕಿಲ್ಲ, ಎಲ್ಲವನ್ನೂ ಬಾಚಬಹುದು. ಆಗ ಒಂದು ಒಳ್ಳೆ ಕತ್ತಿ ಸಿಕ್ಕಿದ್ದಕ್ಕೆ ಬೆಲೆ ಇರುವುದಿಲ್ಲ. ಮೊದಲ ಖುಷಿಯೂ ಈ ಕಿರಿಕಿರಿಯೂ ಒಂದೇ ಬಳ್ಳಿಯವು. ಏನನ್ನಾದರೂ ಎತ್ತಿಕೋ ಅಂದ ಆಟವೇ ಹೊರಲಾರೆ ಅನ್ನಿಸುವುದು. ಹೊರಲು ಲಿಡಿಯಾ ಎಂಬ ಜೊತೆಗಾರ್ತಿ ಸಿಗುತ್ತಾಳೆ. ಚೀಲ ಕೊಟ್ಟಾಗಲೆಲ್ಲ "ನಿಮ್ಮ ಹೊರೆ ಹೊರಲು ಮಾತು ಕೊಟ್ಟವಳು ನಾನು" ಅನ್ನುತ್ತಾಳೆ. ಆ ದನಿಯಲ್ಲಿ ಭಕ್ತಿಗಿಂತ ವ್ಯಂಗ್ಯವೇ ಜಾಸ್ತಿ. ಮತ್ತೆ ಗುಹೆಯ ಕಿರಿದಾದ ಬಾಗಿಲಲ್ಲಿ ಸರಿಯಾಗಿ ಅಡ್ಡ ನಿಲ್ಲುತ್ತಾಳೆ.

ನಾನು ಬೆಳೆದರೆ ಕಳ್ಳನೂ ಬೆಳೆಯುತ್ತಾನೆ

ಆಡುವವರು ಮೊದಲು ಉತ್ತರಕ್ಕೆ ಹೋಗುತ್ತಾರೋ ದಕ್ಷಿಣಕ್ಕೋ ಮಾಡಿದವರಿಗೆ ಗೊತ್ತಿಲ್ಲ. ಹಾಗಿರುವಾಗ ಯಾವ ಗುಹೆಯಲ್ಲಿ ಎಷ್ಟು ಬಲದ ಶತ್ರು ಇಡುವುದು? ಇದಕ್ಕೆ ಕಂಡುಕೊಂಡ ದಾರಿ ಲೆವೆಲ್ ಸ್ಕೇಲಿಂಗ್. ನಿಮ್ಮ ಲೆವೆಲ್ ನೋಡಿಕೊಂಡು ಶತ್ರುವಿನ ಬಲ ಗೊತ್ತುಮಾಡುವುದು.

ಆಬ್ಲಿವಿಯನ್‌ನಲ್ಲಿ ಇದು ಅತಿಯಾಗಿತ್ತು. ಆಟ ಮುಂದುವರಿದಂತೆ ದಾರಿಗಳ್ಳನೂ ದುಬಾರಿ ಕವಚ ತೊಟ್ಟು ಬರುತ್ತಿದ್ದ. ಮೈಮೇಲೆ ಸಾವಿರಾರು ನಾಣ್ಯದ ಕವಚ, ಬಾಯಲ್ಲಿ "ನೂರು ನಾಣ್ಯ ಕೊಡು". ಸ್ಕೈರಿಮ್‌ನಲ್ಲಿ ತಿದ್ದಿದರು. ಪ್ರತಿ ಜಾಗಕ್ಕೂ ಕನಿಷ್ಠ, ಗರಿಷ್ಠ ಮಿತಿ ಇಟ್ಟರು. ಮೊದಲ ಸಲ ನೀವು ಕಾಲಿಟ್ಟಾಗ ಇದ್ದ ಲೆವೆಲ್ಲಿಗೆ ಆ ಜಾಗ ಗಟ್ಟಿಯಾಗುತ್ತದೆ. ಕೆಲವು ಪ್ರಾಣಿಗಳನ್ನು ಯಾರ ಮುಲಾಜೂ ಇಲ್ಲದೆ ಹಾಗೇ ನಿಲ್ಲಿಸಿದರು. ಲೋಕದ ಅತಿ ಎತ್ತರದ ಶಿಖರದತ್ತ ಏಳು ಸಾವಿರ ಮೆಟ್ಟಿಲು ಅಂತ ಹೇಳುವ ದಾರಿ ಇದೆ. ಮುಖ್ಯ ಕಥೆ ಶುರುವಿನಲ್ಲೇ ಅಲ್ಲಿಗೆ ಕಳಿಸುತ್ತದೆ. ಮಧ್ಯದಲ್ಲಿ ಒಂದು ಬಿಳಿ ರಾಕ್ಷಸ, ಫ್ರಾಸ್ಟ್ ಟ್ರೋಲ್. ಹೊಸಬರು ಎರಡೇ ಏಟಿಗೆ ಬೀಳುತ್ತಾರೆ. ಸತ್ತರೆ ಕೊನೆಯ ಸಲ ಸೇವ್ ಮಾಡಿದಲ್ಲಿಂದ, ಅಂದರೆ ಆಟ ಉಳಿಸಿಟ್ಟಲ್ಲಿಂದ, ಮತ್ತೆ ಆಡಬೇಕು. ನಾನು ಬಿದ್ದಾಗ ಕೊನೆಯ ಸೇವ್ ಒಂದು ಗಂಟೆ ಹಿಂದಿನದು. ಹಳೆ ಲ್ಯಾಪ್‌ಟಾಪ್ ತಡವರಿಸುತ್ತದೆ ಅಂತ ಆಟೋಸೇವ್ ಆಫ್ ಮಾಡಿಕೊಂಡಿದ್ದ ಮಹಾ ಬುದ್ಧಿವಂತ ನಾನೇ.

ಇನ್ನೊಂದು ಹೊಂಡವೂ ಇದೆ. ಕಮ್ಮಾರಿಕೆ, ಚೌಕಾಸಿ, ಬೀಗ ಒಡೆಯುವುದು ಇವನ್ನೇ ಬೆಳೆಸಿಕೊಂಡರೂ ಒಟ್ಟು ಲೆವೆಲ್ ಏರುತ್ತದೆ. ಶತ್ರುಗಳು ಆ ಅಂಕಿ ನೋಡಿ ಬಲಿಯುತ್ತಾರೆ. ನಿಮಗೋ ಕತ್ತಿ ಹಿಡಿಯಲು ಬರುವುದಿಲ್ಲ. ವ್ಯಾಪಾರದಲ್ಲಿ ಪಳಗಿ ಕುಸ್ತಿ ಕಣಕ್ಕೆ ಇಳಿದ ಹಾಗೆ.

ಜೇನುಹುಳು ಮತ್ತು ಗಾಡಿ

ಬಗ್ ಅಂದರೆ ಪ್ರೋಗ್ರಾಮಿನ ತಪ್ಪು. ಸ್ಕೈರಿಮ್ ಬಗ್‌ಗಳಿಗೆ ಹೆಸರುವಾಸಿ. ದೈತ್ಯನ ಗದೆ ತಗುಲಿದರೆ ಆಡುವವನು ರಾಕೆಟ್ಟಿನಂತೆ ಮೋಡ ಮುಟ್ಟುತ್ತಾನೆ. ಅಂಗಡಿಯವನ ತಲೆಗೆ ಬಕೆಟ್ ಕವುಚಿ ಕಣ್ಣೆದುರೇ ಕದಿಯಬಹುದಿತ್ತು. ಒಂದು ತಿದ್ದುಪಡಿ ಬಂದಾಗ ಡ್ರ್ಯಾಗನ್‌ಗಳು ಹಿಮ್ಮುಖವಾಗಿ ಹಾರತೊಡಗಿದವು.

ಇಷ್ಟು ದೊಡ್ಡ ಕಂಪನಿ ಯಾಕೆ ಇವನ್ನು ಮೊದಲೇ ಹಿಡಿಯಲಿಲ್ಲ? ಆ ತಂಡದಲ್ಲಿದ್ದ ನೇಟ್ ಪರ್ಕಿಪೈಲ್ 2021ರಲ್ಲಿ ಹೇಳಿದ ಕಥೆ ಇದಕ್ಕೆ ಉತ್ತರ. ಶುರುವಿನ ಆ ಕುದುರೆ ಗಾಡಿ ಚಿತ್ರೀಕರಿಸಿಟ್ಟ ದೃಶ್ಯವಲ್ಲ, ದಾರಿಯ ಮೇಲೆ ನಿಜಕ್ಕೂ ಉರುಳುವ ಗಾಡಿ. ಆಟ ತಯಾರಾಗುತ್ತಿದ್ದಾಗ ಅದು ಕೆಲವೊಮ್ಮೆ ಗಡಗಡ ನಡುಗಿ ಆಕಾಶಕ್ಕೆ ಹಾರಿಬಿಡುತ್ತಿತ್ತು. ಎಲ್ಲ ಸಲವೂ ಅಲ್ಲ, ಕೆಲವು ಸಲ ಮಾತ್ರ. ಕೊನೆಗೆ ಸಿಕ್ಕಿಬಿದ್ದದ್ದು ಒಂದು ಜೇನುಹುಳು. ಜೇನುಹುಳು ಹಿಡಿದು ಮದ್ದಿಗೆ ಹಾಕಬಹುದು. ಒಮ್ಮೆ ಅದನ್ನು ಹಿಡಿಯಲು ಆಗುತ್ತಿರಲಿಲ್ಲ. ಯಾರೋ ಸರಿಮಾಡಿದರು. ಸರಿಮಾಡುವಾಗ ಹುಳುವಿಗೆ ಬೇರೆ ವಸ್ತುಗಳಿಗೆ ಡಿಕ್ಕಿ ಹೊಡೆಯುವ ಗುಣವೂ ಬಂತು. ಆದರೆ ಅದು ತನ್ನ ದಾರಿ ಬಿಟ್ಟು ಕದಲುವುದಿಲ್ಲ. ಅಲುಗದ ಹುಳುವಿಗೆ ಗಾಡಿ ತಾಗಿದರೆ ಹಾರಬೇಕಾದದ್ದು ಗಾಡಿಯೇ.

ತೆರೆದ ಲೋಕದಲ್ಲಿ ಯಾವುದು ಯಾವಾಗ ಯಾವುದನ್ನು ಮುಟ್ಟುತ್ತದೆ ಅಂತ ಲೆಕ್ಕ ಇಡಲು ಆಗುವುದಿಲ್ಲ. ಆಟ ನೆನಪಿಟ್ಟುಕೊಳ್ಳುವುದೂ ವಿಪರೀತ. ಮನೆಯಲ್ಲಿ ಮೇಜಿನ ಮೇಲಿಟ್ಟ ಬ್ರೆಡ್ ತಿಂಗಳು ಬಿಟ್ಟು ಬಂದರೂ ಅಲ್ಲೇ ಇರುತ್ತದೆ. ಈ ನೆನಪೆಲ್ಲ ಸೇವ್ ಫೈಲಿಗೆ ಸೇರುತ್ತದೆ. 2011ರಲ್ಲಿ ಪ್ಲೇಸ್ಟೇಷನ್ 3ರಲ್ಲಿ ಆಡಿದವರಿಗೆ ಆ ಫೈಲ್ ದಪ್ಪವಾದಂತೆ ಆಟ ಕುಂಟತೊಡಗಿತ್ತು.

ಜನರೇ ರಿಪೇರಿಗೆ ಇಳಿದರು. 2012ರಲ್ಲಿ ಕಂಪನಿಯೇ ಆಟ ಕಟ್ಟುವ ತನ್ನ ಸಲಕರಣೆಯನ್ನು ಜನರಿಗೆ ಬಿಟ್ಟುಕೊಟ್ಟಿತ್ತು. ಆಡುವವರು ಹೀಗೆ ಮಾಡುವ ಬದಲಾವಣೆಗೆ ಮಾಡ್ ಎನ್ನುತ್ತಾರೆ. ಆಸ್ಟ್ರೇಲಿಯಾದ ನಿಕ್ ಪಿಯರ್ಸ್ ಮಾಡಿದ 'ದಿ ಫರ್ಗಾಟನ್ ಸಿಟಿ' ಎಂಬ ಮಾಡ್ ಅಲ್ಲಿಯ ಬರಹಗಾರರ ಸಂಘದ ಪ್ರಶಸ್ತಿ ಪಡೆದು, 2021ರಲ್ಲಿ ಪ್ರತ್ಯೇಕ ಆಟವಾಗಿಯೇ ಬಂತು. ಮನೆಯಲ್ಲಿ ಮಾಡ್ ಹಾಕಿಕೊಳ್ಳುವ ಕಥೆ ಬೇರೆ. ಒಂದು ಮಳೆ ಚೆಂದ ಮಾಡುತ್ತದೆ, ಒಂದು ಮರ ಚೆಂದ ಮಾಡುತ್ತದೆ, ಎರಡೂ ಸೇರಿ ಆಟವೇ ತೆರೆಯುವುದಿಲ್ಲ. ಮದುವೆ ಮನೆ ಸಾರಿಗೆ ನಾಲ್ಕು ಜನ ಉಪ್ಪು ಹಾಕಿದ ಹಾಗೆ.

ಮುಗಿಯದ ಪಟ್ಟಿ

ಲೋಕವನ್ನು ತಿನ್ನಲು ಆಲ್ಡುಯಿನ್ ಎಂಬ ಡ್ರ್ಯಾಗನ್ ಬಂದಿದೆ. ಅದನ್ನು ತಡೆಯುವುದೇ ಮುಖ್ಯ ಕಥೆ. ಎಲ್ಲರೂ ಬೇಗ ಬೇಗ ಅನ್ನುತ್ತಾರೆ. ಆದರೆ ಗಡಿಯಾರ ಎಲ್ಲೂ ಇಲ್ಲ. ನೀವು ಆರು ತಿಂಗಳು ಚಿಟ್ಟೆ ಹಿಡಿದುಕೊಂಡಿದ್ದರೂ ಆಲ್ಡುಯಿನ್ ಪಾಪ ಕಾಯುತ್ತಿರುತ್ತದೆ.

ಕಥೆಯನ್ನೇ ಹಿಡಿದು ಹೋದರೆ ಮೂವತ್ತು ಗಂಟೆಯ ಆಸುಪಾಸಿನಲ್ಲಿ ಮುಗಿಯುತ್ತದೆ. ಸಿಕ್ಕಿದ್ದೆಲ್ಲ ಮಾಡುತ್ತೇನೆ ಅಂದರೆ ಇನ್ನೂರು ಗಂಟೆ ದಾಟುತ್ತದೆ. ಅದೂ ಪೂರ್ತಿ ಅಲ್ಲ, ಯಾಕೆಂದರೆ ಕೆಲವು ಕ್ವೆಸ್ಟ್‌ಗಳನ್ನು ಆಟವೇ ಹುಟ್ಟಿಸುತ್ತಿರುತ್ತದೆ. ಇವಕ್ಕೆ ರೇಡಿಯಂಟ್ ಕ್ವೆಸ್ಟ್ ಎನ್ನುತ್ತಾರೆ. ತಾಲ್ಲೂಕು ಕಚೇರಿಯ ಅರ್ಜಿ ಫಾರಂ ನೆನಪಿಸಿಕೊಳ್ಳಿ. 'ಡ್ಯಾಶ್ ಎಂಬ ಗುಹೆಗೆ ಹೋಗಿ ಡ್ಯಾಶ್ ಎಂಬುವನನ್ನು ಕೊಲ್ಲಿ.' ಖಾಲಿ ಜಾಗ ತುಂಬಿದರೆ ಹೊಸ ಕೆಲಸ ತಯಾರು. ಮೊದಲ ಎರಡು ಸಲ ಗೊತ್ತಾಗುವುದಿಲ್ಲ. ಐದನೇ ಸಲ ಫಾರಂ ಕಾಣತೊಡಗುತ್ತದೆ. ಕೈಯಿಂದ ಇಟ್ಟ ಆ ಚಿನ್ನದ ಪಂಜದ ಬೆಲೆ ಆಗ ತಿಳಿಯುತ್ತದೆ.

ಅಂದಹಾಗೆ, ಅಮೆರಿಕದ ರೇಟಿಂಗ್ ಪ್ರಕಾರ ಇದು 17 ತುಂಬಿದವರ ಆಟ. ರಕ್ತ, ಕೊಲೆ ಇದೆ. ಚಿಕ್ಕ ಮಕ್ಕಳಿರುವ ಮನೆಯವರು ಗಮನಿಸಬಹುದು.

ಇದನ್ನೆಲ್ಲ ಅಷ್ಟಿಷ್ಟು ಅಕ್ಕನಿಗೆ ಹೇಳಿದೆ. ಅವಳು ಹೂಂ ಹೂಂ ಅನ್ನುತ್ತಾ ಪರದೆ ನೋಡುತ್ತಿದ್ದಳು. ಅವನು ಸಾಲಿಟ್ಯೂಡ್ ಎಂಬ ಪಟ್ಟಣಕ್ಕೆ ಏನನ್ನೋ ತಲುಪಿಸಲು ಹೊರಟಿದ್ದ.

"ಅಲ್ಲಿ ಬಲಗಡೆ ಏನೋ ಬೆಳಕು ಕಾಣ್ತಿದೆಯಲ್ಲೋ."

"ಅಮ್ಮಾ, ನಾನು ಬೇರೆ ಕೆಲಸಕ್ಕೆ ಹೋಗ್ತಿದೀನಿ."

"ಅದೇನು ಓಡಿ ಹೋಗತ್ತಾ? ಇದೇನು ಅಂತ ನೋಡು ಮೊದ್ಲು."

ಅವನು ತಿರುಗಿಸಿದ. ಅಕ್ಕ ಕುರ್ಚಿ ಎಳೆದುಕೊಂಡಳು. ಗಂಟೆ ಹನ್ನೊಂದೂಕಾಲು.